ಮಲೆನಾಡಿನ ಮಳೆ ಚಳಿಗೆ ಗಟ್ಟಿ ಕೋಳಿ ಸೂಪ್: ನಿಮ್ಮ ಅನುಭವ ಹೇಳಿ

ಪ್ರಶ್ನೆ, ಚಿಕ್ಕಮಗಳೂರಿನಿಂದ: ವರ್ಗವಾಗಿ ಇಲ್ಲಿಗೆ ಬಂದಿದ್ದೇವೆ. ಮಳೆ ಬಿಡುತ್ತಿಲ್ಲ. ಕೋಳಿ ಸೂಪ್ ಮಾಡಿದರೆ ನೀರು ನೀರಾಗಿ ಬರುತ್ತದೆ. ಮನೆಯಲ್ಲಿರುವುದು ಇಂಡಕ್ಷನ್ ಒಲೆ. ಮಕ್ಕಳು ಖಾರ ತಿನ್ನುವುದಿಲ್ಲ. ಹೊಟ್ಟೆ ತುಂಬುವ ಹಾಗೆ ಮಾಡುವುದು ಹೇಗೆ?

ಸಕಲೇಶಪುರದಿಂದ: ಯಾವ ಕೋಳಿ ಅಂತ ಬರೆದೇ ಇಲ್ಲವಲ್ಲ. ಬ್ರಾಯ್ಲರ್ ಆಗಿದ್ದರೆ ಆಸೆ ಬಿಡಿ. ಆರು ವಾರಕ್ಕೆ ಎರಡು ಕೆಜಿ ಬೆಳೆಸಿದ ಮರಿ ಅದು, ಮೂಳೆ ಬಲಿತಿರುವುದಿಲ್ಲ. ವರ್ಷ ತುಂಬಿದ ನಾಟಿ ಹುಂಜವೇ ಬೇಕು. ಕಣ್ಣೆದುರು ಸುಡಿಸಿ, ಅರಿಸಿನ ಹಚ್ಚಿ, ಚರ್ಮ ಸಮೇತ ಕೊಯ್ಸಬೇಕು. ಹೋದ ಆಷಾಢದಲ್ಲಿ ಒಬ್ಬ ಅಂಗಡಿಯವನು ನಾಟಿ ಅಂತ ಹೇಳಿ ಮೊಟ್ಟೆ ನಿಲ್ಲಿಸಿದ ಫಾರಂ ಕೋಳಿ ಕೊಟ್ಟ. ಜೀವಂತ ತೂಕ ಕೆಜಿಗೆ 550. ಒಂದೂಮುಕ್ಕಾಲು ಕೆಜಿಗೆ 962 ರೂಪಾಯಿ. ಸುಡುವುದಕ್ಕೆ 50 ಬೇರೆ. ಮನೆಗೆ ಬಂದು ತೂಗಿದರೆ ಮಾಂಸ 1 ಕೆಜಿ 100 ಗ್ರಾಂ! ಹೊಟ್ಟೆ ತುಂಬ ಹಳದಿ ಕೊಬ್ಬು. ಸೌದೆ ಒಲೆಯಲ್ಲಿ ಮೂರು ಗಂಟೆ ಬೇಯಿಸಿದರೂ ನಾಟಿ ಘಮ ಬರಲೇ ಇಲ್ಲ. ನೆಂಟರ ಮುಂದೆ ಮರ್ಯಾದೆ ಹೋಯಿತು. ಇವತ್ತಿಗೂ ಆ ಅಂಗಡಿ ಮುಂದೆ ಹೋದರೆ ಹೊಟ್ಟೆ ಉರಿಯುತ್ತದೆ.

ಮೈಸೂರಿನಿಂದ: ಮೊಟ್ಟೆ ಕೋಳಿಗೆ ಯಾಕೆ ಬೈಯುತ್ತೀರಿ? ಬಲಿತ ಮೂಳೆ ಬೇಕು ಅಂದವರು ನೀವೇ. ಮೊಟ್ಟೆ ನಿಲ್ಲಿಸಿದ್ದು ಅಂದರೆ ಒಂದೂವರೆ ವರ್ಷದ ಕೋಳಿ ಅಲ್ವಾ? ಬೆಲೆಯಲ್ಲಿ ಮೋಸ ಆಗಿದೆ ಅಷ್ಟೇ. ನಾನು ಇಷ್ಟೊಂದು ದುಡ್ಡು ಸುರಿಯುವುದೇ ಇಲ್ಲ. ಕೋಳಿ ಕಾಲು ಅರ್ಧ ಕೆಜಿ 40 ರೂಪಾಯಿ, ಬ್ರಾಯ್ಲರ್ ಕತ್ತು, ಬೆನ್ನು, ರೆಕ್ಕೆ ಅರ್ಧ ಕೆಜಿ 110. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಸೇರಿದರೂ 180 ದಾಟುವುದಿಲ್ಲ. ಕಾಲನ್ನು ಬಿಸಿನೀರಿಗೆ ಹಾಕಿ, ಹಳದಿ ಸಿಪ್ಪೆ ಸುಲಿದು, ಉಗುರು ಕತ್ತರಿಸಿ. ಕುಕ್ಕರ್ ಒಂದು ಸಲ ಕೂಗಿದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಸೋಸಿದ ರಸವನ್ನು ಫ್ರಿಜ್‌ನಲ್ಲಿಟ್ಟರೆ ಬೆಳಗ್ಗೆ ಹಲ್ವದ ಹಾಗೆ ಹೆಪ್ಪುಗಟ್ಟಿರುತ್ತದೆ. ಕಾಲಿನ ಚರ್ಮ, ನರದಿಂದ ಬಿಡುವ ಜೆಲಟಿನ್ ಅದು. ಹೋಟೆಲಿನವರ ಹಾಗೆ ಕಾರ್ನ್‌ಫ್ಲೋರ್ ಕಲಸುವ ಕರ್ಮ ನನಗಿಲ್ಲ. ಮೊದಲು ಮೂಗು ಮುರಿದ ನಮ್ಮತ್ತೆ ಈಗ ಚಳಿ ಬಂತು ಅಂದರೆ ತಾವೇ ಕಾಲು ತರಿಸುತ್ತಾರೆ.

ಸಕಲೇಶಪುರದಿಂದ: ತಿಪ್ಪೆ ತುಳಿದ ಕಾಲು ನಮ್ಮ ಮನೆಯೊಳಗೆ ಬರುವುದಿಲ್ಲ.

ಮೈಸೂರಿನಿಂದ: ತಿಪ್ಪೆ ಕೆದಕುವುದು ನಿಮ್ಮ ನಾಟಿ ಹುಂಜ ಸಾರ್. ಫಾರಂ ಕೋಳಿ ತಿಪ್ಪೆ ಕಂಡೇ ಇರುವುದಿಲ್ಲ.

ಮಡಿಕೇರಿಯಿಂದ: ಕಾಲಿನ ಜಗಳ ಸಾಕು. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನಮ್ಮ ಕಡೆ ನಾಟಿ ಕೋಳಿ ತಿನ್ನದ ಮನೆ ಕಡಿಮೆ. ಹುರಿದು ಕುಟ್ಟಿದ ಕರಿಮೆಣಸು, ಜೀರಿಗೆ, ಸಣ್ಣ ಈರುಳ್ಳಿ. ಇಳಿಸುವ ಮುಂಚೆ ಕಾಲು ಚಮಚ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹಣ್ಣಿನ ಹುಳಿ. ಅದೇ ರುಚಿ. ಟೊಮೆಟೊ, ನಿಂಬೆ ಎಲ್ಲ ಸುಮ್ನೆ. ಆದರೆ ರಸ್ತೆ ಬದಿಯ ಬಾಟಲಿ ನಂಬಬೇಡಿ. 250 ರೂಪಾಯಿ ಕೊಟ್ಟು ತಂದದ್ದನ್ನು ಬಿಳಿ ತಟ್ಟೆಗೆ ಹಾಕಿದರೆ ಬೆಲ್ಲದ ನೀರಿನಂತೆ ಹರಿಯಿತು. ನಿಜವಾದದ್ದು ಕಪ್ಪಗೆ, ಮಂದವಾಗಿರುತ್ತದೆ. ಪೂರ್ತಿ ಕೋಳಿ ಸೂಪು ಹಾಳಾಯಿತು. 700 ರೂಪಾಯಿಯ ಕೋಳಿ!

ಸಕಲೇಶಪುರದಿಂದ: ಕಾಚಂಪುಳಿಯೂ ನಮ್ಮ ಉಪ್ಪಾಗೆ ಹುಳಿಯೂ ಒಂದೇ ಮರದ್ದು. ಕೊಡಗಿನವರೊಬ್ಬರೇ ಕಂಡುಹಿಡಿದ ಹಾಗೆ ಹೇಳಬೇಡಿ.

ಮಡಿಕೇರಿಯಿಂದ: ಮರ ಒಂದೇ ಇರಬಹುದು. ರಸ ಇಳಿಸಿ, ಕಪ್ಪಾಗುವ ತನಕ ಕುದಿಸುವ ಕೈ ಬೇರೆ.

ತುಮಕೂರಿನಿಂದ: ನಾಟಿ ನಾಟಿ ಅಂತ ಕುಣಿಯುವವರಿಗೆ ಒಂದು ಮಾತು. ನಾನು ಗಿರಿರಾಜ ಸಾಕುತ್ತೇನೆ. ಬೆಂಗಳೂರಿನ ಹೆಬ್ಬಾಳದಲ್ಲಿ, ಹಿತ್ತಲಲ್ಲಿ ಸಾಕುವವರಿಗಾಗಿಯೇ ಮಾಡಿದ ತಳಿ. ಹೊರಗೆ ಮೇಯುತ್ತದೆ, ಸೊಪ್ಪು ತಿನ್ನುತ್ತದೆ. ಆರು ತಿಂಗಳ ಹುಂಜ ಸೂಪಿಗೆ ಒಳ್ಳೆಯ ರಸ ಬಿಡುತ್ತದೆ. ಕೆಜಿಗೆ 300 ಕೇಳಿದರೆ ಜನ ಇದು ನಾಟಿ ಅಲ್ಲ ಅಂತ ತಿರುಗಿ ಹೋಗುತ್ತಾರೆ. ಅದೇ ಕೋಳಿಯನ್ನು ವ್ಯಾಪಾರಿ ನನ್ನಿಂದ 220ಕ್ಕೆ ಕೊಂಡು, ಪೇಟೆಯಲ್ಲಿ ನಾಟಿ ಅಂತ 500ಕ್ಕೆ ಮಾರುತ್ತಾನೆ. ಆಗ ಎಲ್ಲರಿಗೂ ಘಮ ಬರುತ್ತದೆ! ಮೇವು, ಲಸಿಕೆ, ನಾಯಿ ಹೊತ್ತುಕೊಂಡು ಹೋದದ್ದು ಎಲ್ಲ ಕಳೆದರೆ ನನಗೆ ಹುಂಜಕ್ಕೆ ನೂರು ರೂಪಾಯಿಯೂ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರು: ಇಂಡಕ್ಷನ್ ಒಲೆಗೆ ಯಾರಾದರೂ ಹೇಳುತ್ತೀರಾ? ಮಕ್ಕಳಿಗೆ ಮೆಣಸು ಬಿಟ್ಟರೆ ನಡೆಯುತ್ತಾ?

ಮೈಸೂರಿನಿಂದ: ತಳ ಚಪ್ಪಟೆ ಇರುವ ಸ್ಟೀಲ್ ಕುಕ್ಕರ್ ತಗೊಳ್ಳಿ, ಇಂಡಕ್ಷನ್‌ಗೆ ಆಗುತ್ತದೆ ಅಂತ ಬರೆದಿರಬೇಕು. ಮಕ್ಕಳಿಗೆ ಮೊದಲು ಸೋಸಿ ತೆಗೆದಿಡಿ, ಮೆಣಸು ಆಮೇಲೆ.

ಮಡಿಕೇರಿಯಿಂದ: ಮೆಣಸು ಬಿಟ್ಟರೆ ಅದು ಚಳಿಗೆ ಮಾಡಿದ ಸೂಪೇ ಅಲ್ಲ. ನಮ್ಮ ಮಕ್ಕಳು ಕುಡಿಯುವುದಿಲ್ವಾ?

ತುಮಕೂರಿನಿಂದ: ಅವರು ಕೇಳಿದ್ದು ಅವರ ಮಕ್ಕಳ ವಿಷಯ ಮೇಡಂ.