ಬಿಸಿಯಾದ ಮೇಲೆ ಕಾರು ಸ್ಟಾರ್ಟ್ ಆಗ್ತಿಲ್ಲ, ಪಂಪ್ ಹಾಕಿಸಲಾ?

ಪ್ರಶ್ನೆ (ಮಂಡ್ಯ):
ಸರ್, ನಮಸ್ಕಾರ. ನಮ್ಮದು 2010ರ ಪೆಟ್ರೋಲ್ ಕಾರು. ಬೆಳಿಗ್ಗೆ ಒಂದೇ ಸಲ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಮೈಸೂರಿನವರೆಗೂ ಯಾವ ತಕರಾರೂ ಇಲ್ಲ. ದೇವರಾಜ ಮಾರ್ಕೆಟ್ ಹತ್ತಿರ ನಿಲ್ಲಿಸಿ, ಸಾಮಾನು ತಗೊಂಡು ಕಾಲು ಗಂಟೆ ಬಿಟ್ಟು ಬಂದರೆ ಕಥೆ ಮುಗೀತು. ಸೆಲ್ಫ್ ಜೋರಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಕಾದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್. ಇಲ್ಲಿ ಒಂದು ಗ್ಯಾರೇಜಿನಲ್ಲಿ ಬ್ಯಾಟರಿ, ಪ್ಲಗ್ ಎರಡೂ ಬದಲಾಯಿಸಿದರು. ಈಗ ಪೆಟ್ರೋಲ್ ಪಂಪ್ ಹಾಕಿಸಿ ಅಂತಿದ್ದಾರೆ. ಹಾಕಿಸಲಾ?

ಉತ್ತರ (ಮೆಕ್ಯಾನಿಕ್, ಬನ್ನಿಮಂಟಪ, ಮೈಸೂರು):
ಸದ್ಯಕ್ಕೆ ಬೇಡ. ಪಂಪೇ ಇರಬಹುದು, ಆದರೆ ಯಾರೂ ಇನ್ನೂ ಚೆಕ್ ಮಾಡಿಲ್ಲವಲ್ಲ. ಸೆಲ್ಫ್ ಜೋರಾಗಿ ತಿರುಗುತ್ತಿದ್ದರೆ ಬ್ಯಾಟರಿ ಮುಟ್ಟುವ ಅಗತ್ಯವೇ ಇರಲಿಲ್ಲ.

ಗಾಡಿ ನಿಲ್ಲಿಸಿದ ತಕ್ಷಣ ತಣ್ಣಗಾಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಲ ಹತ್ತು ಹದಿನೈದು ನಿಮಿಷ ಉಲ್ಟಾ. ರೇಡಿಯೇಟರ್ ನೀರು ತಿರುಗುವುದು ನಿಂತಿತು, ಎದುರುಗಾಳಿಯೂ ಇಲ್ಲ. ಇಂಜಿನ್ನಿನ ಕಾವೆಲ್ಲ ಬಾನೆಟ್ ಒಳಗೇ ಉಳಿಯುತ್ತದೆ. ಸೆನ್ಸರು, ಕಾಯಿಲು, ಪೆಟ್ರೋಲ್ ಪೈಪು ಎಲ್ಲ ಓಡುವಾಗಿನದಕ್ಕಿಂತ ಜಾಸ್ತಿ ಕಾಯುತ್ತವೆ. ಅದಕ್ಕೇ ಎರಡು ನಿಮಿಷಕ್ಕೆ ಸ್ಟಾರ್ಟ್ ಆಗುವ ಗಾಡಿ ಕಾಲು ಗಂಟೆಗೆ ಆಗಲ್ಲ.

ನಮ್ಮ ಹತ್ತಿರ ತರುವಷ್ಟರಲ್ಲಿ ಅದು ಸರಿಹೋಗಿರುತ್ತದೆ, ನಮಗೇನೂ ಸಿಗಲ್ಲ. ಕೈಕೊಟ್ಟ ಜಾಗದಲ್ಲೇ ನೀವೇ ನೋಡಬೇಕು. ಸೆಲ್ಫ್ ಹೊಡೆಯದೆ ಸುಮ್ನೆ ಕೀ ಆನ್ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಗುಂಯ್ ಅಂತ ಸದ್ದು ಬರಬೇಕು, ಅದು ಪಂಪು. ಆಮೇಲೆ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು (ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಮೀಟರಿನಲ್ಲಿ ತೋರಿಸುವುದು) ನೋಡಿ. ಒಂಚೂರಾದರೂ ಏಳುತ್ತಾ, ಸೊನ್ನೆಯಲ್ಲೇ ಇರುತ್ತಾ? ಕೊನೆಗೆ ಸೈಲೆನ್ಸರ್ ಹತ್ತಿರ ಪೆಟ್ರೋಲ್ ವಾಸನೆ ಇದೆಯಾ ನೋಡಿ. ನೋಡಿಕೊಂಡು ಬರೆಯಿರಿ.

ಇನ್ನೊಬ್ಬರು (ಪಾಂಡವಪುರ):
ನಮ್ಮ ಕಾಲದಲ್ಲಿ ಅಂಬಾಸಿಡರ್ ಹೀಗೆ ನಿಂತರೆ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದೆವು. ಅದನ್ನೂ ಮಾಡಿ ನೋಡಲಿ.

ಮೆಕ್ಯಾನಿಕ್:
ಯಜಮಾನ್ರೇ, ಆ ಗಾಡಿಗೆ ಅದು ಸರಿಯಾದ ಮದ್ದೇ. ಪಂಪ್ ಇಂಜಿನ್ ಪಕ್ಕದಲ್ಲಿತ್ತು, ಕಾವಿಗೆ ಪೆಟ್ರೋಲ್ ಆವಿಯಾಗಿ ಪಂಪು ಎಳೆಯುತ್ತಿರಲಿಲ್ಲ. ಈಗ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ. ಒತ್ತಡ ಇದ್ದರೆ ಅಷ್ಟು ಸುಲಭಕ್ಕೆ ಆವಿಯಾಗಲ್ಲ. ಅಂದಹಾಗೆ ಆ ಪಂಪನ್ನು ತಣ್ಣಗಿಡುವುದೂ ಟ್ಯಾಂಕಿನ ಪೆಟ್ರೋಲೇ. ನೂರು ಇನ್ನೂರಕ್ಕೆ ಹಾಕಿಸಿಕೊಂಡು ಸದಾ ರಿಸರ್ವ್‌ನಲ್ಲೇ ಓಡಿಸುವವರಿಗೆ ಈ ಮಾತು.

ಪ್ರಶ್ನೆ ಕೇಳಿದವರು:
ಸರ್, ಇವತ್ತು ಶ್ರೀರಂಗಪಟ್ಟಣದಲ್ಲಿ ಕೈಕೊಟ್ಟಿತು. ಪಂಪ್ ಸದ್ದು ಬಂತು. ಮುಳ್ಳು ಅಲ್ಲಾಡಲೇ ಇಲ್ಲ. ವಾಸನೆಯೂ ಇಲ್ಲ. ತಣ್ಣಗಾದ ಮೇಲೆ ಹೊಡೆದಾಗ ಮುಳ್ಳು ಎದ್ದಿತು, ಸ್ಟಾರ್ಟ್ ಕೂಡ ಆಯಿತು.

ಮೆಕ್ಯಾನಿಕ್:
ಹಾಗಾದರೆ ನನ್ನ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಇಂಜಿನ್ ತಿರುಗುತ್ತಿದೆ ಅಂತ ಇಸಿಎಂಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, ಹೇಳುವುದೇ ಅದು. ಅದರಿಂದ ಸುದ್ದಿ ಹೋಗದಿದ್ದರೆ ಇಸಿಎಂ ಕರೆಂಟೂ ಬಿಡಲ್ಲ, ಪೆಟ್ರೋಲೂ ಬಿಡಲ್ಲ. ವಾಸನೆ ಬರದಿದ್ದುದೂ ಅದಕ್ಕೇ. ಬಹಳ ಗಾಡಿಗಳಲ್ಲಿ ಈ ಸೆನ್ಸರ್ ಒಳಗೆ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ ಇರುತ್ತದೆ. ಕಾದಾಗ ತಂತಿ ಹಿಗ್ಗಿ ಎಲ್ಲೋ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ಕೂಡುತ್ತದೆ.

ಆದರೂ ಸೀದಾ ಹೊಸದು ಹಾಕಿಸಬೇಡಿ. ಮೊದಲು ಅದರ ಕಪ್ಲರ್ (ವೈರ್ ಸಿಕ್ಕಿಸುವ ಸಾಕೆಟ್) ಬಿಚ್ಚಿ ನೋಡಲಿ. ಪಿನ್ ಹಸಿರುಗಟ್ಟಿದ್ದರೂ, ವೈರ್ ಸುಟ್ಟಿದ್ದರೂ ಇದೇ ಕಾಟ. ಆಮೇಲೆ ಸುರುಳಿಯನ್ನು ಮಲ್ಟಿಮೀಟರಿನಲ್ಲಿ ತಣ್ಣಗಿದ್ದಾಗ ಒಮ್ಮೆ, ಕಾದಾಗ ಒಮ್ಮೆ ಅಳೆಯಲಿ. ಕಾದಾಗ ರೀಡಿಂಗೇ ಬರದಿದ್ದರೆ ಅದೇ ಕಳ್ಳ. ಸುರುಳಿಯ ಬದಲು ಒಳಗೆ ಚಿಪ್ ಇರುವ ‘ಹಾಲ್’ ಬಗೆಯ ಸೆನ್ಸರ್ ಇರುವ ಗಾಡಿಗೆ ಈ ಅಳತೆ ನಡೆಯಲ್ಲ, ಇಸಿಎಂ ಓದುವ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಬರುತ್ತಾ ನೋಡಬೇಕು. ಸ್ಕ್ಯಾನರಿನಲ್ಲಿ ಪಿ0335 ಅನ್ನೋ ದೋಷದ ಕೋಡ್ ಸಿಕ್ಕರೆ ಈ ಸೆನ್ಸರಿನ ಲೈನಿನಲ್ಲೇ ತೊಂದರೆ. ಕೋಡ್ ಇಲ್ಲ ಅಂದ ಮಾತ್ರಕ್ಕೆ ಸೆನ್ಸರ್ ಚೆನ್ನಾಗಿದೆ ಅಂತಲ್ಲ.

ಮತ್ತೊಬ್ಬರು (ಮದ್ದೂರು):
ನಮ್ಮದೂ ಇದೇ ರಗಳೆ ಅಣ್ಣ. ಆದರೆ ಮುಳ್ಳು ಏಳುತ್ತೆ. ಕೀ ಎರಡು ಮೂರು ಸಲ ಆನ್ ಆಫ್ ಮಾಡಿದರೆ ಸ್ಟಾರ್ಟೂ ಆಗುತ್ತೆ.

ಮೆಕ್ಯಾನಿಕ್:
ನಿಮ್ಮದು ಬೇರೆ. ನಿಲ್ಲಿಸಿದ ಮೇಲೆ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಉಳಿಯುತ್ತಿಲ್ಲ. ಪಂಪಿನ ವಾಲ್ವ್ ಇರಬಹುದು, ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಸೋರುತ್ತಿರಬಹುದು. ಒತ್ತಡ ಅಳೆಯುವ ಗೇಜ್ ಹಾಕಿಸಿ. ಪೂರ್ತಿ ಆಕ್ಸಿಲರೇಟರ್ ಒತ್ತಿ ಹಿಡಿದಾಗ ಕೆಮ್ಮಿಕೊಂಡು, ಕಪ್ಪು ಹೊಗೆ ಬಿಟ್ಟು ಸ್ಟಾರ್ಟ್ ಆದರೆ ಇಂಜೆಕ್ಟರ್ ಕಡೆಗೇ ಅನುಮಾನ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಸರ್. ಭಾನುವಾರ ಬೆಂಗಳೂರಿಗೆ ಹೋಗೋದಿದೆ. ನಡುವೆ ಎಲ್ಲೂ ಆಫ್ ಮಾಡದೆ ಹೋದರೆ ಆಗುತ್ತಾ?

ಮೆಕ್ಯಾನಿಕ್:
ಬೇಡವೇ ಬೇಡ. ಈ ಸೆನ್ಸರ್ ಓಡುವಾಗಲೂ ಕೈಕೊಡಬಹುದು. ಹೈವೇಯಲ್ಲಿ ಇಂಜಿನ್ ಆಫ್ ಆದರೆ ಸ್ಟೇರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಒಂದೆರಡು ಸಲ ಒತ್ತುವಷ್ಟರಲ್ಲಿ ಕಲ್ಲಿನಂತಾಗುತ್ತದೆ. ಭಾನುವಾರ ಬಸ್ಸಿಗೋ ರೈಲಿಗೋ ಹೋಗಿ. ಸೋಮವಾರ ಗಾಡಿಯನ್ನು ಟೋ ಮಾಡಿಸಿಕೊಂಡು ತನ್ನಿ. ಇಲ್ಲೇ ಇಂಜಿನ್ ಕಾಯಿಸಿ ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಅಳೆಯೋಣ.