ಫೂಲ್‌ಪ್ರೂಫ್ ಪ್ಯಾಚ್: ‘ಕೈತಪ್ಪುತಡೆ’ ಅಂದರೆ ಒಪ್ಪುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಮ್ಯಾಕ್ಸ್, ಪ್ಯೂರ್ ಡೇಟಾ ಅನ್ನುವ ಸದ್ದು-ಸಂಗೀತದ ಸಾಫ್ಟ್‌ವೇರ್‌ಗಳಲ್ಲಿ ಮಾಡಿದ ಪ್ಯಾಚ್‌ಗಳನ್ನು ತಾಂತ್ರಿಕ ಹಿನ್ನೆಲೆ ಇಲ್ಲದವರ ಕೈಗೆ ಒಪ್ಪಿಸುವ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಇವುಗಳ ಪರಿಚಯ ಇಲ್ಲದವರಿಗೆ ಎರಡು ಮಾತು. ಇಲ್ಲಿ ಸಾಲುಸಾಲಾಗಿ ಕೋಡ್ ಬರೆಯುವುದಿಲ್ಲ. ಪರದೆಯ ಮೇಲೆ ಪೆಟ್ಟಿಗೆಗಳನ್ನಿಟ್ಟು ನಡುವೆ ತಂತಿ ಎಳೆಯುತ್ತೇವೆ, ಸದ್ದು ಅದರಲ್ಲಿ ಹರಿಯುತ್ತದೆ. ಆ ಜೋಡಣೆಯೇ ಪ್ಯಾಚ್. ಎರಡನ್ನೂ ಶುರು ಮಾಡಿದವರು ಮಿಲ್ಲರ್ ಪಕೆಟ್. ಮ್ಯಾಕ್ಸ್ ಹುಟ್ಟಿದ್ದು 1980ರ ದಶಕದಲ್ಲಿ, ಪ್ಯಾರಿಸ್ಸಿನ ಇರ್ಕಾಮ್ ಅನ್ನುವ ಸಂಗೀತ ಸಂಶೋಧನಾ ಸಂಸ್ಥೆಯಲ್ಲಿ. ಪ್ಯೂರ್ ಡೇಟಾ ಬಂದಿದ್ದು 1990ರ ದಶಕದಲ್ಲಿ. ಪ್ಯಾಚ್ ಮಾಡಿದವರು ಒಬ್ಬರು, ಪ್ರದರ್ಶನದ ದಿನ ಅದನ್ನು ನಡೆಸುವವರು ಇನ್ನೊಬ್ಬರು. ನೃತ್ಯಗಾರರು ಇರಬಹುದು, ಟೀಚರ್ ಇರಬಹುದು, ಗ್ಯಾಲರಿ ನೋಡಿಕೊಳ್ಳುವವರು ಇರಬಹುದು. ಯಾರು ಮುಟ್ಟಿದರೂ ಕೆಡದ ಪ್ಯಾಚ್‌ಗೆ ಇಂಗ್ಲಿಷಿನಲ್ಲಿ ಫೂಲ್‌ಪ್ರೂಫ್ ಅನ್ನುತ್ತಾರೆ.

ಜಲನಿರೋಧಕದ ಹಾಗೆ ‘ಮೂರ್ಖನಿರೋಧಕ’ ಅಂತ ಮಾಡಿದರೆ ಬಳಸುವವರನ್ನು ಬೈದ ಹಾಗಾಗುತ್ತದೆ, ಅಲ್ವಾ? ಜಪಾನೀಯರಿಗೂ ಇದೇ ತೊಡಕು ಎದುರಾಗಿತ್ತು. ಕಾರ್ಖಾನೆಗಳಲ್ಲಿ ತಪ್ಪು ತಡೆಯುವ ಉಪಾಯಗಳನ್ನು ಅವರು ಮೊದಲು ‘ಬಾಕಾ-ಯೋಕೆ’ ಅನ್ನುತ್ತಿದ್ದರು. ಬಾಕಾ ಅಂದರೆ ದಡ್ಡ. ಕೆಲಸಗಾರರಿಗೆ ಅದು ನೋವು ಕೊಡುತ್ತದೆ ಅಂತ ಇಂಜಿನಿಯರ್ ಶಿಗೆಯೊ ಶಿಂಗೊ 1960ರ ದಶಕದಲ್ಲಿ ಅದನ್ನು ‘ಪೋಕಾ-ಯೋಕೆ’ ಅಂತ ಬದಲಿಸಿದರು. ಪೋಕಾ ಅಂದರೆ ಗಮನ ತಪ್ಪಿ ಆಗುವ ಎಡವಟ್ಟು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ‘ಕೈತಪ್ಪು’ ಅಂತ ನನಗೆ ಅನ್ನಿಸುತ್ತದೆ. ಬರೀ ‘ತಪ್ಪು’ ಅಂದರೆ ಯಾರದು ಅನ್ನುವ ಪ್ರಶ್ನೆ ಹಿಂದೆಯೇ ಬರುತ್ತದೆ. ‘ಕೈತಪ್ಪಿ ಒತ್ತಿಬಿಟ್ಟೆ’ ಅಂದರೆ ಯಾರೂ ಬೈಯುವುದಿಲ್ಲ. ಹಾಗಾಗಿ ‘ಕೈತಪ್ಪುತಡೆ’ ಅಂತ ಬರೆದುಕೊಂಡಿದ್ದೇನೆ. ಆದರೆ ‘ಅವಕಾಶ ಕೈತಪ್ಪಿತು’ ಅನ್ನುವ ಬಳಕೆಯೂ ಇದೆಯಲ್ಲ, ಅದು ಅಡ್ಡ ಬರುತ್ತದೆಯೇ?

ಇನ್ನೂ ದೊಡ್ಡ ತೊಡಕೊಂದಿದೆ. ಫೂಲ್‌ಪ್ರೂಫ್ ಅನ್ನುವ ಒಂದೇ ಪದದಡಿ ಎರಡು ಬೇರೆ ಕೆಲಸಗಳು ಸೇರಿಕೊಂಡಿವೆ. ಒಂದು, ತಪ್ಪು ಆಗದಂತೆ ನೋಡಿಕೊಳ್ಳುವುದು. ನಂಬರ್ ಬಾಕ್ಸ್‌ಗೆ ಮೇಲಿನ ಮತ್ತು ಕೆಳಗಿನ ಮಿತಿ ಹಾಕುತ್ತೇವೆ. ಮ್ಯಾಕ್ಸ್‌ನ ಪ್ರೆಸೆಂಟೇಶನ್ ಮೋಡ್‌ನಲ್ಲಿ ತಂತಿಗಳನ್ನೆಲ್ಲ ಮರೆಮಾಡಿ, ಬೇಕಾದ ಬಟನ್ ಮಾತ್ರ ತೋರಿಸುತ್ತೇವೆ. ಪ್ಯಾಚ್ ತೆರೆದ ಕೂಡಲೇ ಸರಿಯಾದ ಸಂಖ್ಯೆಗಳು ತಾವಾಗಿ ಕೂರುವಂತೆ ‘ಲೋಡ್‌ಬ್ಯಾಂಗ್’ ಪೆಟ್ಟಿಗೆ ಇಡುತ್ತೇವೆ. ಇದಕ್ಕೆ ‘ತಡೆ’ ಸರಿಹೊಂದುತ್ತದೆ.

ಎರಡನೆಯದು, ತಪ್ಪಾದರೂ ಹಾನಿ ಆಗದಂತೆ ನೋಡಿಕೊಳ್ಳುವುದು. ಯಾರೋ ವಾಲ್ಯೂಮನ್ನು ಒಮ್ಮೆಲೇ ಮೇಲಕ್ಕೆ ತಳ್ಳಿದರೆ ಸ್ಪೀಕರ್‌ನಲ್ಲಿ ಟಪ್ ಅನ್ನುತ್ತದೆ. ನಡುವೆ ‘ಲೈನ್’ ಪೆಟ್ಟಿಗೆ ಇಟ್ಟು ಆ ಏರಿಕೆಯನ್ನು 20–50 ಮಿಲಿಸೆಕೆಂಡಿಗೆ ಹರಡಿದರೆ ಟಪ್ ಅನ್ನುವುದಿಲ್ಲ. ಫೀಡ್‌ಬ್ಯಾಕ್ ಇರುವ, ಅಂದರೆ ಹೊರಬಂದ ಸದ್ದು ಮತ್ತೆ ಒಳಗೇ ಸುತ್ತುವ ಪ್ಯಾಚ್‌ನಲ್ಲಿ ಗೇನ್ (ಸದ್ದನ್ನು ಎಷ್ಟು ಪಟ್ಟು ಮಾಡುತ್ತೇವೆ ಅನ್ನುವುದು) 1ನ್ನು ದಾಟಿದರೆ ಪ್ರತಿ ಸುತ್ತಿಗೂ ಸದ್ದು ಬೆಳೆಯುತ್ತಾ ಹೋಗುತ್ತದೆ. ಆ ಸುತ್ತಿನೊಳಗೆ ‘ಕ್ಲಿಪ್’ ಪೆಟ್ಟಿಗೆ ಇದ್ದರೆ ಸಿಗ್ನಲ್ -1ರಿಂದ 1ರೊಳಗೇ ಉಳಿಯುತ್ತದೆ. ಅಷ್ಟೇ ಸಾಲದು. 1 ಅಂದರೆ ಪೂರ್ತಿ ಜೋರು, ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಅದೂ ಜಾಸ್ತಿಯೇ. ಕ್ಲಿಪ್ ಆದಮೇಲೆ ಮಟ್ಟವನ್ನು ಇನ್ನೂ ತಗ್ಗಿಸಲೇಬೇಕು. ನನ್ನ ಮಟ್ಟಿಗೆ ಇಡೀ ಕೈಪಿಡಿಯಲ್ಲಿ ಬಹಳ ಮುಖ್ಯವಾದ ಭಾಗ ಇದು.

ಇಲ್ಲಿ ಯಾವುದನ್ನೂ ತಡೆಯುತ್ತಿಲ್ಲ, ತಾಳಿಕೊಳ್ಳುತ್ತಿದ್ದೇವೆ. ‘ತಪ್ಪುತಾಳಿಕೆ’ ಅಂದರೆ ಸಹನೆಯ ಮಾತಿನ ಹಾಗೆ ಕೇಳಿಸುತ್ತದೆ. ಅಧ್ಯಾಯಗಳಿಗೆ ‘ಎಡವದಂತೆ’, ‘ಎಡವಿದರೂ ಬೀಳದಂತೆ’ ಅಂತ ಹೆಸರಿಟ್ಟಿದ್ದೇನೆ, ಅವು ನನಗೆ ಇಷ್ಟವಾಗಿವೆ. ಆದರೆ ‘ಇದು ಇಂಥ ಪ್ಯಾಚ್’ ಅನ್ನಲು ಒಂದು ಚಿಕ್ಕ ಗುಣವಾಚಕ ಬೇಕು.

ಜೊತೆಗೆ ಇನ್ನೊಂದು ಸಣ್ಣ ಪ್ರಶ್ನೆ. ಎಲ್ಲವನ್ನೂ ಒಮ್ಮೆಗೇ ನಿಲ್ಲಿಸುವ ದೊಡ್ಡ ಕೆಂಪು ಬಟನ್ ಮೇಲೆ ‘ಸದ್ದು ನಿಲ್ಲಿಸು’ ಅಂತ ಬರೆದರೆ ಯಾರನ್ನೋ ಗದರಿದ ಹಾಗಿದೆ. ‘ದನಿ’ ಅಂದರೆ ಮನುಷ್ಯರ ದನಿ ನೆನಪಾಗುತ್ತದೆ. ಬರೀ ‘ನಿಲ್ಲಿಸಿ’ ಸಾಕೇ? ಅಥವಾ ಗಾಬರಿಯಲ್ಲಿ ಇರುವವರಿಗೆ ‘ಆಫ್’ ಬೇಗ ಕಣ್ಣಿಗೆ ಬೀಳುತ್ತದೆಯೇ? ಪರದೆಯ ಮೇಲಿನ ಕನ್ನಡ ಬರೆದು ಅನುಭವ ಇರುವವರು ದಯವಿಟ್ಟು ತಿಳಿಸಿ.