ನಾಚಿಕೆ ಪಡಿಸದೆ ಮಗುವನ್ನು ತಿದ್ದುವುದು ಹೇಗೆ?

ಪ್ರಶ್ನೆ (ಮಂಡ್ಯ):
ಮಗಳಿಗೆ 6 ವರ್ಷ. ಸಿಟ್ಟು ಬಂದರೆ ತಮ್ಮನಿಗೆ ಹೊಡೆಯುತ್ತಾಳೆ. ಅತ್ತೆ ನೆಂಟರ ಎದುರಿಗೇ "ನಾಚಿಕೆ ಆಗಲ್ವಾ, ದೇವರು ಕಣ್ಣು ಕಿತ್ತುಬಿಡ್ತಾನೆ" ಅನ್ನುತ್ತಾರೆ. ಅವಳು ಮಂಚದ ಕೆಳಗೆ ಹೋಗಿ ಕೂರುತ್ತಾಳೆ. ಅತ್ತೆಗೆ ಪ್ರೀತಿ ಇಲ್ಲ ಅಂತಲ್ಲ. ಏನು ಮಾಡಲಿ?

ಉತ್ತರ (ಮೈಸೂರು, ಶಿಕ್ಷಕಿ):
ಅಕ್ಕಾ, ಹೊಡೆಯುವ ಕೈಯನ್ನು ಮೆಲ್ಲಗೆ ಹಿಡಿದು ತಡೆಯಿರಿ, "ಹೊಡೆಯೋಕೆ ಬಿಡಲ್ಲ, ನಿಂಗೆ ಸಿಟ್ಟು ಬಂದಿದೆ ಅಂತ ಗೊತ್ತು" ಅಷ್ಟೇ ಹೇಳಿ. ಸಿಟ್ಟನ್ನು ಹತೋಟಿಗೆ ತರುವ ಮೆದುಳಿನ ಮುಂಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು, ಅಲ್ಲಿಯವರೆಗೆ ಮಗು ದೊಡ್ಡವರ ಸಮಾಧಾನ ನೋಡಿಯೇ ಕಲಿಯಬೇಕು ಅಲ್ವಾ? ಮೊದಲು ನೀವು ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಗೆ ಬಿಡಿ. ಎದೆಬಡಿತ ಇಳಿಯುತ್ತದೆ. ಬುದ್ಧಿಮಾತು ಆಮೇಲೆ.

ಉತ್ತರ (ಶ್ರೀರಂಗಪಟ್ಟಣ, ಒಬ್ಬ ತಾತ):
ಅತ್ತೆ ಒಬ್ಬರೇ ಇದ್ದಾಗ ಹೇಳಮ್ಮ, ಅವರಿಗೂ ಅವಮಾನ ಆಗಬಾರದು. ದೇವರು ಅಂದರೆ ಹೆದರಿಕೆ ಅಂತ ಮಗುವಿನ ಮನಸ್ಸಲ್ಲಿ ಕೂತರೆ ಕಷ್ಟದಲ್ಲಿ ಅದು ಯಾರನ್ನು ನೆನೆಯಬೇಕು? ಸಂಜೆ ದೀಪ ಹಚ್ಚುವಾಗ ಅಜ್ಜಿಯೇ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ, ಸುಮ್ನೆ, ಉಪದೇಶ ಬೇಡ.

ಉತ್ತರ (ಮೈಸೂರು):
ಹೊಡೆತ, ಅಳು ಜಾಸ್ತಿ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ.